ಹಡಪವೂ ಬ್ರಷ್ಷೂ: ಪ್ರಯಾಣದ ಕ್ಷೌರಸಾಮಗ್ರಿಯ ಚರಿತ್ರೆ

ಅರಸರ ಕಾಳಗಗಳನ್ನೂ ದೇವಾಲಯಗಳ ಶಿಲ್ಪವನ್ನೂ ಕುರಿತು ನಮ್ಮಲ್ಲಿ ಬೇಕಾದಷ್ಟು ಬರಹಗಳು ಬಂದಿರುವುವು. ಆದರೆ ಮನುಷ್ಯನು ನಿತ್ಯವೂ ಕೈಯಲ್ಲಿ ಹಿಡಿಯುವ ಸಣ್ಣ ಸಾಮಾನುಗಳ ಚರಿತ್ರೆಯನ್ನು ವಿಚಾರಿಸಿದವರು ವಿರಳ. ಕ್ಷೌರದ ಬ್ರಷ್ಷು ಅಂತಹ ಸಾಮಾನುಗಳಲ್ಲೊಂದು. ಪ್ರಯಾಣ ಹೊರಟವನ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಗೇಣಿಗಿಂತ ಚಿಕ್ಕದಾದ ಈ ಕುಂಚವು ಇರುವುದು. ಅದು ಎಲ್ಲಿಂದ ಬಂದಿತು, ಅದು ಬರುವುದಕ್ಕೆ ಮೊದಲು ಆ ಸ್ಥಾನದಲ್ಲಿ ಏನಿದ್ದಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರವು ಪರದೇಶದ ಅಂಗಡಿಗಳಿಗೆ ಮಾತ್ರವಲ್ಲದೆ ಕೃಷ್ಣಾನದಿಯ ದಡಕ್ಕೂ, ನಾರಾಯಣಪುರದ ಸುತ್ತಲಿನ ಸೀಮೆಗೂ ವಾಚಕರನ್ನು ಕರೆದುಕೊಂಡು ಹೋಗುವುದು.

ಕನ್ನಡದಲ್ಲಿ ‘ಹಡಪ’ ಎಂಬುದೊಂದು ಹಳೆಯ ಮಾತು. ಎಲೆ ಅಡಕೆಗಳನ್ನಿಡುವ ಚೀಲಕ್ಕೂ ಹಡಪವೆಂದೇ ಹೆಸರು. ಕ್ಷೌರಿಕನು ತನ್ನ ಆಯುಧಗಳನ್ನಿಟ್ಟುಕೊಳ್ಳುವ ಚೀಲಕ್ಕೂ ಹಡಪವೆಂದೇ ಹೆಸರು. ತೆಲುಗಿನ ‘ಅಡಪಮು’ ಎಂಬ ಮಾತಿಗೂ ಇವೆರಡು ಅರ್ಥಗಳೇ ಉಂಟು. ಒಂದೇ ಮಾತು ಎರಡು ಚೀಲಗಳಿಗೂ ಸಲ್ಲುವುದರಿಂದ, ಒಡೆಯನ ಮೈಗೆ ಸಮೀಪವಾಗಿದ್ದು ಅವನು ಹೋದಲ್ಲಿಗೆ ಹೋಗುವ ಸೇವಕನ ಕೈಚೀಲವೇ ಹಡಪವೆಂದು ತಿಳಿಯಬಹುದು. ಕ್ಷೌರಿಕನ ಹಡಪದಲ್ಲಿ ಇರುತ್ತಿದ್ದುದು ಇಷ್ಟು: ಎರಡು ಮೂರು ಕತ್ತಿಗಳು, ಒಂದು ಸಾಣೆಕಲ್ಲು, ಕತ್ತಿಯ ಬಾಯನ್ನು ನಯಮಾಡುವ ಚರ್ಮದ ಪಟ್ಟೆ, ಕತ್ತರಿ, ಬಾಚಣಿಗೆ, ಉಗುರು ತೆಗೆಯುವ ಸಣ್ಣ ಕತ್ತಿ, ಚಿಮಟಿಗೆ, ಹಿತ್ತಾಳೆಯ ನೀರಬಟ್ಟಲು, ಒಂದು ಕನ್ನಡಿ. ಈ ಪಟ್ಟಿಯಲ್ಲಿ ಬ್ರಷ್ಷೂ ಇಲ್ಲ, ಸಾಬೂನೂ ಇಲ್ಲ. ಕ್ಷೌರಿಕನು ಬಟ್ಟಲಿನ ನೀರನ್ನು ಬೆರಳುಗಳಿಂದ ಕೆನ್ನೆಗೆ ತಟ್ಟಿ, ತಿಕ್ಕಿ, ಮತ್ತೆ ತಟ್ಟಿ, ಕೂದಲು ಮೆತ್ತಗಾದ ಮೇಲೆ ಕತ್ತಿಯನ್ನು ಇಡುತ್ತಿದ್ದನು. ಕೂದಲು ನೀರನ್ನು ಹೀರಿದಷ್ಟೂ ಕತ್ತಿಗೆ ಸುಲಭವಾಗಿ ಬಗ್ಗುವುದು. ಬ್ರಷ್ಷು ಇಂದು ಮಾಡುವ ಕೆಲಸವೂ ಮುಖ್ಯವಾಗಿ ಇದೇ. ಆದುದರಿಂದ ಬ್ರಷ್ಷಿನ ಪೂರ್ವಜವನ್ನು ನಮ್ಮ ನಾಡಿನಲ್ಲಿ ಹುಡುಕುವವರು ಯಾವ ಸಾಮಾನನ್ನೂ ಹುಡುಕಬೇಕಾಗಿಲ್ಲ. ಕ್ಷೌರಿಕನ ಬೆರಳುಗಳೇ ಆ ಪೂರ್ವಜ.

ಈ ಹಡಪವನ್ನು ಹೆಸರಿನಲ್ಲಿಯೇ ಹೊತ್ತು ಪ್ರಸಿದ್ಧರಾದವರು ಹನ್ನೆರಡನೆಯ ಶತಮಾನದ ಹಡಪದ ಅಪ್ಪಣ್ಣನವರು. ಬಸವಣ್ಣನವರ ಆಪ್ತರಾಗಿ ಕಲ್ಯಾಣದಲ್ಲಿದ್ದ ಇವರು ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದರು. ಇವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿಯರೇ. ಅಪ್ಪಣ್ಣನವರ ಹಡಪವು ವೀಳೆಯದ್ದೋ ಕ್ಷೌರದ್ದೋ ಎಂದು ಪಂಡಿತರಲ್ಲಿ ಚರ್ಚೆಯುಂಟು. ಆದರೆ ಕ್ಷೌರವೃತ್ತಿಯವರು ತಲೆತಲಾಂತರದಿಂದ ಅವರನ್ನು ತಮ್ಮ ಕುಲಗುರುವೆಂದು ನಂಬಿ ಬಂದಿರುವರು, ಹಡಪದವರೆಂಬ ಹೆಸರನ್ನೂ ಧರಿಸಿರುವರು. ಬೆಳಗಾಗೆದ್ದು ಕ್ಷೌರಿಕನ ಮುಖವನ್ನು ನೋಡುವುದು ಅಪಶಕುನವೆಂದು ಲೋಕವು ಎಣಿಸುತ್ತಿದ್ದ ಕಾಲದಲ್ಲಿ, ತಮ್ಮನ್ನು ಕಾಣಬಂದವರೆಲ್ಲರೂ ಮೊದಲು ಅಪ್ಪಣ್ಣನವರನ್ನು ಕಂಡು ಬರಬೇಕೆಂದು ಬಸವಣ್ಣನವರು ವಿಧಿಸಿದ್ದರೆಂಬುದು ಪ್ರತೀತಿ. ಈ ಪ್ರತೀತಿಯು ಅಕ್ಷರಶಃ ನಡೆದುದೋ ಇಲ್ಲವೋ, ಅದನ್ನು ಹೇಳಿಕೊಂಡು ಬಂದ ಜನರ ಮನಸ್ಸಿನ ನೋವೂ ಅಭಿಮಾನವೂ ಅದರಲ್ಲಿ ತೋರಿಬರುವುವು.

ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಬಸವಣ್ಣನವರು ಕೂಡಲಸಂಗಮಕ್ಕೆ ಬಂದ ಮೇಲೆ, ಅವರ ಪತ್ನಿ ನೀಲಾಂಬಿಕೆಯವರನ್ನು ಕರೆತರುವ ಕಾರ್ಯವು ಅಪ್ಪಣ್ಣನವರ ಪಾಲಿಗೆ ಬಂದಿತೆಂದು ಶರಣಚರಿತ್ರೆಗಳು ಹೇಳುವುವು. ಪ್ರಯಾಣವು ಮುಗಿಯುವುದಕ್ಕೆ ಮೊದಲೇ ಬಸವಣ್ಣನವರು ಐಕ್ಯರಾದ ವಾರ್ತೆಯು ತಲುಪಲು, ನೀಲಾಂಬಿಕೆಯವರು ಕೃಷ್ಣಾತೀರದ ತಂಗಡಗಿಯಲ್ಲಿಯೇ ಐಕ್ಯರಾದರಂತೆ. ಈಗಿನ ಮುದ್ದೇಬಿಹಾಳ ತಾಲೂಕಿನ ಆ ತಂಗಡಗಿಯಲ್ಲಿ ನೀಲಾಂಬಿಕೆಯವರ ಐಕ್ಯಸ್ಥಳವೂ ಹಡಪದ ಅಪ್ಪಣ್ಣನವರ ಪೀಠವೂ ಇರುವುವು. ನದಿಯ ಹರಿವಿನೊಡನೆ ಕೆಳಗಿಳಿದರೆ ಮುಂದೆ ಸಿಕ್ಕುವುದೇ ನಾರಾಯಣಪುರ. ಹೀಗೆ ಕನ್ನಡನಾಡಿನ ಹಡಪದವರ ಸ್ಮರಣೆಯು ಈ ನದಿಯ ಈ ಭಾಗದಲ್ಲಿಯೇ ನೆಲೆಗೊಂಡಿರುವುದು.

ಇದೇ ದಡದಲ್ಲಿ ಹಡಪದವರ ಚರಿತ್ರೆಯ ಮತ್ತೊಂದು ಎಳೆಯೂ ಬಂದು ಸೇರುವುದು. ವಿಜಯನಗರದ ಸದಾಶಿವರಾಯನ ಕಾಲದಲ್ಲಿ ರಾಜ್ಯಸೂತ್ರವೆಲ್ಲವೂ ಅಳಿಯ ರಾಮರಾಯನ ಕೈಯಲ್ಲಿದ್ದಿತು. ಬಾದಾಮಿಯ ಕೊಂಡೋಜನೇ ಮೊದಲಾದ ಕ್ಷೌರಿಕರ ಸೇವೆಗೆ ಮೆಚ್ಚಿ, ರಾಜ್ಯದ ಕ್ಷೌರಿಕರಿಗೆ ತೆರಿಗೆ, ಬಿಟ್ಟಿ, ಕಾಣಿಕೆಗಳನ್ನು ಮಾಫಿ ಮಾಡಿದ ಸಂಗತಿಯು ೧೫೪೦ರ ದಶಕದ ಅನೇಕ ಶಾಸನಗಳಲ್ಲಿ ಕಾಣಬರುವುದು. ಈ ಶಾಸನಗಳು ಒಂದೇ ಊರಿನಲ್ಲಿ ದೊರೆತವಲ್ಲ. ಕನ್ನಡ ತೆಲುಗು ಸೀಮೆಗಳ ಹಲವು ಊರುಗಳಲ್ಲಿ ಕಲ್ಲಿನ ಮೇಲೆ ಕೆತ್ತಲ್ಪಟ್ಟಿರುವುವು. ಅರಸನ ಗಡ್ಡಕ್ಕೆ ಕತ್ತಿಯಿಡುವವನು ಅರಸನ ಕಿವಿಗೂ ಸಮೀಪದವನಷ್ಟೆ. ಕೊಂಡೋಜನು ಆ ಸಾಮೀಪ್ಯದಿಂದ ತನ್ನ ವೃತ್ತಿಯವರೆಲ್ಲರ ಹೊರೆಯನ್ನು ಇಳಿಸಿಕೊಟ್ಟನೆಂಬುದು ಗಮನಾರ್ಹವಾದ ವಿಷಯ. ಮುಂದೆ ೧೫೬೫ನೆಯ ಜನವರಿ ೨೩ರಂದು ರಾಮರಾಯನು ಸುಲ್ತಾನರ ಕೂಟಕ್ಕೆ ಸೋತು ಮಡಿದ ಯುದ್ಧವನ್ನು ತಾಳಿಕೋಟೆಯ ಯುದ್ಧವೆನ್ನುವಂತೆಯೇ ರಕ್ಕಸತಂಗಡಿಯ ಯುದ್ಧವೆಂದೂ ಕರೆಯುವರು. ಆ ಹೆಸರಿನೊಳಗಿನ ತಂಗಡಿಯೇ ಅಪ್ಪಣ್ಣನವರ ತಂಗಡಗಿ. ಕ್ಷೌರಿಕರ ತೆರಿಗೆಯನ್ನು ಬಿಡಿಸಿದವನ ಕಡೆಯ ಯುದ್ಧಕ್ಕೆ ಕ್ಷೌರಿಕರ ಗುರುಪೀಠವಿರುವ ಊರಿನ ಹೆಸರೇ ಬಂದುದು ಕೇವಲ ಕಾಕತಾಳೀಯ. ಆದರೂ ಆ ಊರಿಗೆ ಹೋಗುವ ಯಾತ್ರಿಕರು ನೆನೆಯತಕ್ಕ ಕಾಕತಾಳೀಯ.

ವಿಜಯನಗರವು ಹೋದ ಮೇಲೆಯೂ ಹಳ್ಳಿಗಳಲ್ಲಿ ಹಡಪವು ಹೋಗಲಿಲ್ಲ. ದಖ್ಖಣದ ಗ್ರಾಮಗಳಲ್ಲಿ ಬಡಗಿ, ಕಮ್ಮಾರ, ಅಗಸ, ಕುಂಬಾರರೊಂದಿಗೆ ಕ್ಷೌರಿಕನೂ ಆಯಗಾರರಲ್ಲೊಬ್ಬನಾಗಿ ಎಣಿಸಲ್ಪಡುತ್ತಿದ್ದನು. ವರ್ಷವಿಡೀ ಮನೆಮನೆಗೆ ಹೋಗಿ ಕ್ಷೌರ ಮಾಡಿ, ಸುಗ್ಗಿಯ ಕಾಲದಲ್ಲಿ ಕಣಕ್ಕೆ ಹೋಗಿ ಜೋಳದ ಆಯವನ್ನು ಪಡೆಯುವುದು ಅವನ ಕ್ರಮ. ಹುಣ್ಣು ಕುಯ್ಯುವುದು, ಕೆಟ್ಟ ರಕ್ತವನ್ನು ತೆಗೆಯುವುದು, ಮೆರವಣಿಗೆಯಲ್ಲಿ ದೀವಟಿಗೆ ಹಿಡಿಯುವುದು, ವಾದ್ಯ ನುಡಿಸುವುದು ಇವೂ ಹಲವೆಡೆ ಅವನ ಕೆಲಸಗಳೇ. ‘ಹಜಾಮ’ ಎಂಬುದು ಅರಬ್ಬಿಯ ಮಾತು. ರಕ್ತವನ್ನು ಹೀರಿ ತೆಗೆದು ಚಿಕಿತ್ಸೆ ಮಾಡುವವನೆಂಬುದೇ ಅದರ ಮೂಲಾರ್ಥ. ವೈದ್ಯನೆಂಬರ್ಥದ ಮಾತು ನಮ್ಮ ಬೀದಿಗಳಲ್ಲಿ ಬೈಗುಳವಾಯಿತೆಂದರೆ ದೋಷವು ಮಾತಿನದಲ್ಲ, ಆಡಿದವರದು.

ಹಡಪಕ್ಕೆ ಇನ್ನೊಂದು ಮುಖವೂ ಉಂಟು. ಅದನ್ನು ಮರೆಮಾಚುವುದು ಚರಿತ್ರೆಗೆ ಒಪ್ಪುವುದಿಲ್ಲ. ಎಲ್ಲರ ಕೆನ್ನೆಯನ್ನೂ ಮುಟ್ಟುವ ಕ್ಷೌರಿಕನ ಕೈಯು ಅಸ್ಪೃಶ್ಯರೆನಿಸಿಕೊಂಡವರ ಕೆನ್ನೆಯನ್ನು ಮುಟ್ಟಬಾರದೆಂದು ಊರಿನ ಹಿರಿಯರು ಕಟ್ಟು ಮಾಡಿದ್ದರು. ಮುಟ್ಟಿದರೆ ಉಳಿದ ಮನೆಗಳ ಆಯವು ತಪ್ಪುವ ಭಯವಿದ್ದಿತು. ಹೀಗೆ ತಾನೇ ಕೀಳೆನಿಸಿಕೊಂಡಿದ್ದ ಕ್ಷೌರಿಕನ ಕೈಯಿಂದಲೇ ಇನ್ನೊಬ್ಬರನ್ನು ಕೀಳುಮಾಡಿಸುವ ವ್ಯವಸ್ಥೆಯು ನಡೆದುಬಂದಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ೧೯೫೫ರ ಕಾನೂನು ಈ ಕಾರಣದಿಂದ ಸೇವೆಯನ್ನು ನಿರಾಕರಿಸುವುದನ್ನು ಅಪರಾಧವೆಂದು ಎಣಿಸಿತು. ಆದರೂ ಕ್ಷೌರದಂಗಡಿಯ ಬಾಗಿಲಲ್ಲಿ ಈ ತಂಟೆಯು ಈಗಲೂ ಕೆಲವು ಹಳ್ಳಿಗಳಲ್ಲಿ ತಲೆಯೆತ್ತುವುದುಂಟು. ಒಬ್ಬನ ಮುಖಕ್ಕೆ ತಾಗಿದ ಬ್ರಷ್ಷು ಇನ್ನೊಬ್ಬನ ಮುಖಕ್ಕೆ ತಾಗಬಹುದೇ ಎಂಬ ಪ್ರಶ್ನೆಯು ಆರೋಗ್ಯದ ದೃಷ್ಟಿಯಿಂದ ಕೇಳತಕ್ಕದ್ದು. ಜಾತಿಯ ದೃಷ್ಟಿಯಿಂದ ಕೇಳತಕ್ಕದ್ದಲ್ಲ.

ಇನ್ನು ಬ್ರಷ್ಷಿನ ವೃತ್ತಾಂತ. ಯುರೋಪಿನಲ್ಲಿಯೂ ಬಹುಕಾಲ ಕ್ಷೌರಿಕರು ಸಾಬೂನಿನ ಉಂಡೆಯನ್ನು ಬಿಸಿನೀರಿನಲ್ಲಿ ಅದ್ದಿ ಕೈಯಿಂದಲೇ ನೊರೆ ಹಚ್ಚುತ್ತಿದ್ದರು. ಹದಿನೆಂಟನೆಯ ಶತಮಾನದ ನಡುವೆ ಫ್ರಾನ್ಸಿನಲ್ಲಿ ಬ್ಯಾಜರ್ ಎಂಬ ಪ್ರಾಣಿಯ ಕೂದಲಿನ ಬ್ರಷ್ಷು ಬಳಕೆಗೆ ಬಂದಿತು. ಫ್ರೆಂಚ್ ಭಾಷೆಯಲ್ಲಿ ಆ ಪ್ರಾಣಿಗೂ ಕ್ಷೌರದ ಬ್ರಷ್ಷಿಗೂ ‘ಬ್ಲೆರೋ’ ಎಂಬ ಒಂದೇ ಹೆಸರು. ಈ ಪ್ರಾಣಿಯು ಬಿಲದಲ್ಲಿ ವಾಸಿಸುವಂಥದು, ನಮ್ಮ ಕಾಡುಗಳ ತರಕರಡಿಗೆ ದೂರದ ನೆಂಟ. ೧೭೬೯ರಲ್ಲಿ ಪ್ಯಾರಿಸಿನ ಕತ್ತಿಗಾರನಾದ ಜಾನ್ ಜಾಕ್ ಪೆರೆ ಎಂಬವನು ತನ್ನ ಕ್ಷೌರವನ್ನು ತಾನೇ ಮಾಡಿಕೊಳ್ಳುವ ವಿದ್ಯೆಯನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದನು. ತನ್ನ ಕೈಯಿಂದ ತಾನೇ ಕ್ಷೌರ ಮಾಡಿಕೊಳ್ಳುವವನಿಗೆ ಕ್ಷೌರಿಕನ ನುರಿತ ಬೆರಳುಗಳಿರುವುದಿಲ್ಲ. ಆ ಬೆರಳುಗಳ ಕೊರತೆಯನ್ನು ತುಂಬಲು ಬ್ರಷ್ಷು ಬೇಕಾಯಿತು. ಮುಂದೆ ಸೈನ್ಯದ ಅಧಿಕಾರಿಗಳೂ ದೂರದೇಶಕ್ಕೆ ಹೋಗುವ ವರ್ತಕರೂ ಕತ್ತಿ, ಕನ್ನಡಿ, ಸಾಬೂನಿನ ಡಬ್ಬಿಗಳೊಡನೆ ಒಂದೇ ಪೆಟ್ಟಿಗೆಯಲ್ಲಿ ಹಿಡಿಯುವಂತೆ ಮೋಟು ಬ್ರಷ್ಷುಗಳನ್ನು ಮಾಡಿಸಿದರು. ಲೋಹದ ಕೊಳವೆಯೊಳಗೆ ಕೂದಲಿನ ಭಾಗವನ್ನು ತಿರುಗಿಸಿಟ್ಟು ಮುಚ್ಚಿ, ಬೇಕಾದಾಗ ಹೊರಕ್ಕೆ ತಿರುಗಿಸಿ ಅದೇ ಕೊಳವೆಯನ್ನು ಹಿಡಿಯಾಗಿ ಮಾಡಿಕೊಳ್ಳುವ ಪ್ರಯಾಣದ ಬ್ರಷ್ಷು ಈ ಅವಶ್ಯಕತೆಯಿಂದಲೇ ಹುಟ್ಟಿತು.

ನಮ್ಮ ಸೀಮೆಗೆ ಈ ಪೆಟ್ಟಿಗೆಗಳು ಆಂಗ್ಲ ಅಧಿಕಾರಿಗಳೊಡನೆ ಬಂದುವು. ಸುರಪುರದ ಸಂಸ್ಥಾನದಲ್ಲಿ ಮೆಡೋಸ್ ಟೇಲರನು ೧೮೪೧ರಿಂದ ೧೮೫೩ರವರೆಗೆ ಅಧಿಕಾರಿಯಾಗಿದ್ದನು. ಅವನ ಬಂಗಲೆಯು ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಇಂದಿಗೂ ಪ್ರಸಿದ್ಧ. ಆ ಕಾಲದ ಅಧಿಕಾರಿಗಳು ಡೇರೆಗಳನ್ನು ಹೊಡೆದುಕೊಂಡು ಊರೂರು ತಿರುಗುತ್ತಿದ್ದರು. ಪರಿವಾರದಲ್ಲಿ ಸ್ಥಳದ ಕ್ಷೌರಿಕನೂ ಇರುವುದು ಸಾಮಾನ್ಯ. ಇನ್ನೂ ನಿದ್ರೆಯಲ್ಲಿರುವ ದೊರೆಗೆ ಎಚ್ಚರವೇ ಆಗದಂತೆ ಕ್ಷೌರ ಮಾಡಿ ಮುಗಿಸುವ ಕ್ಷೌರಿಕರ ಚಾತುರ್ಯವನ್ನು ಆಂಗ್ಲರು ತಮ್ಮ ನೆನಪಿನ ಬರಹಗಳಲ್ಲಿ ಬೆರಗಿನಿಂದ ಹೇಳಿಕೊಂಡಿರುವರು. ಅಂದರೆ ಒಂದೇ ಡೇರೆಯಲ್ಲಿ ವಿಲಾಯತಿಯ ಪೆಟ್ಟಿಗೆಯೂ ಹಳ್ಳಿಯ ಹಡಪವೂ ಕೆಲಕಾಲ ಒಟ್ಟಿಗೆ ಬಾಳಿದುವು. ಇವೆರಡರಲ್ಲಿ ಪೆಟ್ಟಿಗೆಯು ಗೆದ್ದುದು ಕತ್ತಿಯ ಬದಲಾವಣೆಯಿಂದ. ೧೯೦೪ರಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದವನಿಗೆ ಬ್ಲೇಡು ಬದಲಿಸುವ ರೇಜರಿನ ಪೇಟೆಂಟು ದೊರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರವು ಸುಮಾರು ೩೫ ಲಕ್ಷ ರೇಜರುಗಳನ್ನು ತನ್ನ ಸೈನಿಕರಿಗಾಗಿ ಕೊಂಡಿತು. ಸಾಣೆ ಹಿಡಿಯುವ ವಿದ್ಯೆಯಿಲ್ಲದವನೂ ಕ್ಷೌರ ಮಾಡಿಕೊಳ್ಳುವ ಕಾಲವು ಹೀಗೆ ಬಂದಿತು.

ಅದೇ ಯುದ್ಧವು ಬ್ರಷ್ಷಿಗೆ ಒಂದು ದೊಡ್ಡ ಕೆಟ್ಟ ಹೆಸರನ್ನೂ ತಂದಿತು. ಬ್ಯಾಜರಿನ ಕೂದಲು ಸಿಕ್ಕದೆ ಹೋಗಲು, ಕುದುರೆಯ ಕೂದಲಿಗೆ ಬಣ್ಣ ಹಾಕಿ ಅಗ್ಗದ ಬ್ರಷ್ಷುಗಳನ್ನು ಲಕ್ಷಗಟ್ಟಲೆಯಾಗಿ ತಯಾರಿಸಿದರು. ಮೊದಲು ಪೂರ್ವದೇಶಗಳ ಕೂದಲು ಯುರೋಪಿನಲ್ಲಿ ಶುದ್ಧಿಯಾಗಿ ಬರುತ್ತಿದ್ದಿತು. ಯುದ್ಧದಿಂದ ಆ ದಾರಿ ಮುಚ್ಚಿ, ಕೂದಲು ಶುದ್ಧಿಯಿಲ್ಲದೆಯೇ ನೇರವಾಗಿ ಬರತೊಡಗಿತು. ದನಕುದುರೆಗಳಿಗೆ ಬರುವ ಆಂಥ್ರಾಕ್ಸ್ ಎಂಬ ನೆರಡಿ ರೋಗದ ಬೀಜಗಳು ಕೂದಲಿನಲ್ಲಿ ಬಹುಕಾಲ ಬದುಕಿರಬಲ್ಲುವು. ಕತ್ತಿಯಿಂದಾದ ಸಣ್ಣ ಗಾಯಗಳ ಮೂಲಕ ಅವು ಮೈಯನ್ನು ಸೇರಿ ಇಂಗ್ಲೆಂಡ್ ಅಮೆರಿಕಗಳ ಅನೇಕ ಸೈನಿಕರೂ ನಾಗರಿಕರೂ ರೋಗಕ್ಕೆ ಈಡಾದರು, ಕೆಲವರು ಮರಣ ಹೊಂದಿದರು. ಬ್ರಿಟಿಷ್ ಸರ್ಕಾರವು ೧೯೨೦ರಲ್ಲಿ ಜಪಾನಿನ ಕ್ಷೌರದ ಬ್ರಷ್ಷುಗಳ ಆಮದನ್ನೇ ನಿಷೇಧಿಸಿತು. ಆ ಕಾಲದ ಹಳೆಯ ಬ್ರಷ್ಷನ್ನು ಸಂಗ್ರಹಕ್ಕಾಗಿ ಕೊಂಡವರು ಅದನ್ನು ಕಪಾಟಿನಲ್ಲಿಡುವುದೇ ಮೇಲು, ಕೆನ್ನೆಗೆ ತಾಗಿಸತಕ್ಕದ್ದಲ್ಲ. ಹಳೆಯ ಹಿಡಿಯನ್ನು ಬಳಸಲೇಬೇಕೆಂಬ ಆಸೆಯುಳ್ಳವರು ಕೂದಲನ್ನು ತೆಗೆಸಿ ಹೊಸದನ್ನು ಕೂಡಿಸಿಕೊಳ್ಳುವುದು ಕ್ಷೇಮ.

ಪ್ರಯಾಣಕ್ಕೆ ಬ್ರಷ್ಷನ್ನು ಆರಿಸುವವರು ನೋಡಬೇಕಾದುದು ಮೂರು ಸಂಗತಿಗಳನ್ನು: ಕೂದಲು, ಅಳತೆ, ಆರುವಿಕೆ. ಬ್ಯಾಜರಿನ ಕೂದಲು ನೀರನ್ನು ಚೆನ್ನಾಗಿ ಹಿಡಿಯುವುದು, ಕೆನ್ನೆಗೂ ಮೃದು. ಆದರೆ ಬೆಲೆ ಹೆಚ್ಚು, ಆರುವುದು ನಿಧಾನ. ಅದು ಪ್ರಾಣಿಯನ್ನು ಕೊಂದು ಪಡೆಯುವ ವಸ್ತುವೆಂಬುದನ್ನೂ ನೆನೆಯಬೇಕು. ಹಂದಿಯ ಕೂದಲು ಗಡುಸು, ಅಗ್ಗ. ಕೆಲವು ವಾರ ಬಳಸಿದ ಮೇಲೆ ತುದಿಗಳು ಸೀಳಿ ಮೆತ್ತಗಾಗುವುದು. ಆದರೆ ಮುಸಲ್ಮಾನರ ಮನೆಗಳಲ್ಲಿಯೂ ಮಡಿವಂತರ ಮನೆಗಳಲ್ಲಿಯೂ ಅದಕ್ಕೆ ಪ್ರವೇಶವಿಲ್ಲ. ಕುದುರೆಯ ಜೂಲು ಬಾಲಗಳ ಕೂದಲನ್ನು ಪ್ರಾಣಿಗೆ ನೋವಾಗದಂತೆ ಕತ್ತರಿಸಿಕೊಳ್ಳಬಹುದು. ಶುದ್ಧಿಮಾಡಿದ ಕುದುರೆಕೂದಲಿನ ಬ್ರಷ್ಷು ಮಧ್ಯಮಮಾರ್ಗದವರಿಗೆ ಸಲ್ಲುವಂಥದು. ೧೯೩೮ರಲ್ಲಿ ನೈಲಾನಿನ ಎಳೆಗಳ ಹಲ್ಲುಜ್ಜುವ ಬ್ರಷ್ಷು ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೇಲೆ ಕೃತಕ ಎಳೆಗಳು ಕ್ಷೌರದ ಬ್ರಷ್ಷಿಗೂ ಬಂದುವು. ಮೊದಮೊದಲು ಅವು ಒರಟಾಗಿದ್ದುವು. ಈಚಿನವು ಮೃದುವಾಗಿ, ನೀರನ್ನು ಹೆಚ್ಚು ಹಿಡಿದಿಡದೆ ಬೇಗ ಆರುವುವು. ನಿತ್ಯ ಊರು ಬದಲಿಸುವವನಿಗೆ ಇವೇ ಅನುಕೂಲವೆಂದು ಹೇಳಬಹುದು.

ಅಳತೆಯ ವಿಷಯದಲ್ಲಿ, ಮನೆಯ ಬ್ರಷ್ಷಿನ ಕೂದಲಗಂಟು ೨೨ರಿಂದ ೨೬ ಮಿಲಿಮೀಟರು ಅಡ್ಡಗಲವಿದ್ದರೆ ಪ್ರಯಾಣದ್ದಕ್ಕೆ ೧೮ರಿಂದ ೨೨ ಸಾಕು. ಸುರಪುರ ಶಹಾಪುರಗಳ ಕಡೆ ಕೆಲವು ಬಾವಿಗಳ ನೀರು ಸವಳು. ಅಂತಹ ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಗಸಿಯಾಗುವುದು. ಆಗ ತೀರ ಮೃದುವಾದ ಬ್ರಷ್ಷಿಗಿಂತ ತುಸು ಬಿಗಿಯಾದುದು ಸಾಬೂನನ್ನು ಚೆನ್ನಾಗಿ ಎತ್ತುವುದು. ಮೂರನೆಯದಾದ ಆರುವಿಕೆಯೇ ಎಲ್ಲಕ್ಕಿಂತ ಮುಖ್ಯ. ಒದ್ದೆಯಾದ ಬ್ರಷ್ಷನ್ನು ಕೊಳವೆಯಲ್ಲಿ ಮುಚ್ಚಿಟ್ಟರೆ ಎರಡೇ ದಿನಗಳಲ್ಲಿ ನಾರುವುದು, ಬೂಷ್ಟು ಹಿಡಿಯುವುದು. ಕೊಳವೆಗೆ ರಂಧ್ರಗಳಿರಬೇಕು, ಬ್ರಷ್ಷನ್ನು ಕೊಡವಿ, ಒಣಬಟ್ಟೆಯ ಮೇಲೆ ಆಡಿಸಿ, ತಂಗಿದ ಸ್ಥಳದಲ್ಲಿ ಹೊರಗೆ ತೆಗೆದಿಡಬೇಕು. ಹಿಡಿಯು ಹಿತ್ತಾಳೆಯದಾದರೆ ಬಾಳುವುದು, ಆದರೆ ಭಾರ. ಮರದ್ದಾದರೆ ಹಗುರ, ಆದರೆ ನೀರಿಗೆ ಸೀಳುವುದು. ಕೊಂಬಿನದು ಇವೆರಡಕ್ಕೂ ನಡುವೆ. ದಂತದ ಹಿಡಿಗಳನ್ನು ಮಾತ್ರ ಯಾರೂ ಅರಸಬಾರದು. ಭಾರತದಲ್ಲಿ ದಂತದ ವ್ಯಾಪಾರವು ನಿಷಿದ್ಧ.

ಸಂಗ್ರಹದ ಹವ್ಯಾಸವುಳ್ಳವರು ಸಾಮಾನ್ಯವಾಗಿ ಪರದೇಶದ ಹಿಡಿಗಳನ್ನೂ ಪ್ರಸಿದ್ಧ ಅಂಗಡಿಗಳ ಮುದ್ರೆಗಳನ್ನೂ ಅರಸುವರು. ಅದು ತಪ್ಪಲ್ಲ, ಆದರೆ ಅದಕ್ಕಿಂತ ಅವಸರದ ಕೆಲಸವೊಂದು ಈ ಸೀಮೆಯಲ್ಲಿಯೇ ಉಳಿದಿರುವುದು. ನಾರಾಯಣಪುರದ ಬಳಿ ಕೃಷ್ಣೆಗೆ ಕಟ್ಟಿದ, ಈಗ ಬಸವಸಾಗರವೆಂದು ಕರೆಯುವ ಅಣೆಕಟ್ಟು ೧೯೮೨ರಲ್ಲಿ ಮುಗಿಯಿತು. ಅದರ ಉದ್ದ ೧೦ ಕಿಲೋಮೀಟರಿಗೂ ಹೆಚ್ಚು, ಎತ್ತರ ೨೯ ಮೀಟರು. ಅದರ ಹಿನ್ನೀರು ಕೂಡಲಸಂಗಮದವರೆಗೂ ಹಬ್ಬಿ, ಬಸವಣ್ಣನವರ ಐಕ್ಯಮಂಟಪವನ್ನು ಸುತ್ತಲೂ ಗೋಡೆಯೆತ್ತಿ ಕಾಪಾಡಬೇಕಾಯಿತು. ಒಣಗಿದ್ದ ಲಕ್ಷಾಂತರ ಎಕರೆಗಳಿಗೆ ನೀರು ಬಂದಿತು. ಅದೇ ವೇಳೆಗೆ ದಡದ ಅನೇಕ ಹಳ್ಳಿಗಳ ಹೊಲಮನೆಗಳು ನೀರಿನ ಪಾಲಾಗಿ ಜನರು ಹೊಸ ಊರುಗಳಿಗೆ ಹೋಗಬೇಕಾಯಿತು. ಊರು ಎತ್ತುವಾಗ ಜನರು ಕಾಳುಕಡಿ, ದೇವರು, ದನಕರುಗಳನ್ನು ಒಯ್ಯುವರೇ ಹೊರತು ಹರಿದ ಚರ್ಮದ ಚೀಲವೊಂದನ್ನು ಒಯ್ಯುವರೇ? ನೀರು ಮುಟ್ಟದ ಊರುಗಳಲ್ಲಿಯೂ ಆಯದ ಪದ್ಧತಿಯು ಸವೆದು, ಕ್ಷೌರಿಕರು ಪೇಟೆಯ ಅಂಗಡಿಗಳನ್ನು ಹಿಡಿದರು; ಹಡಪವು ಅಟ್ಟವನ್ನು ಸೇರಿತು.

ಮಂಟಪಕ್ಕೆ ಗೋಡೆಯನ್ನು ಕಟ್ಟಿದರು. ಹಡಪಕ್ಕೆ ಕಟ್ಟಿದವರು ಯಾರೂ ಇಲ್ಲ. ಸರ್ಕಾರವು ಅಪ್ಪಣ್ಣನವರ ಜಯಂತಿಯನ್ನು ಆಚರಿಸುತ್ತಿರುವುದು ಸಂತೋಷದ ವಿಷಯ. ಅದರೊಡನೆ ಒಂದೊಂದು ತಾಲೂಕಿನಿಂದ ಒಂದೊಂದು ಹಡಪವನ್ನಾದರೂ, ಒಳಗಿನ ಕತ್ತಿ, ಕಲ್ಲು, ಪಟ್ಟೆ, ಬಟ್ಟಲುಗಳ ಸಹಿತ ಸಂಪಾದಿಸಿ, ಅದನ್ನು ಬಳಸಿದ ಮನೆಯವರ ಅನುಮತಿಯಿಂದ ಅವರು ಹೇಳುವ ಮಾತುಗಳನ್ನೂ ಬರೆದಿಟ್ಟರೆ ಅದೊಂದು ಉತ್ತಮ ಸಂಗ್ರಹವಾದೀತು. ಯಾವ ಸಾಮಾನಿಗೆ ಯಾವ ಹೆಸರು, ಕತ್ತಿಯನ್ನು ಯಾರಿಂದ ಮಾಡಿಸುತ್ತಿದ್ದರು, ಎಷ್ಟು ಮನೆಗಳಿಗೆ ಎಷ್ಟು ಜೋಳ ಬರುತ್ತಿದ್ದಿತು, ಯಾವ ಮನೆಗಳಿಗೆ ಹೋಗಕೂಡದೆಂಬ ಕಟ್ಟಿದ್ದಿತು ಎಂಬಿವನ್ನು ಬಲ್ಲ ಹಿರಿಯರು ಇನ್ನೂ ಅಲ್ಲಲ್ಲಿ ಇರುವರು. ಅಂತಹ ಹಡಪದ ಪಕ್ಕದಲ್ಲಿ ಒಂದು ಪ್ರಯಾಣದ ಬ್ರಷ್ಷನ್ನಿಟ್ಟರೆ, ಸಾವಿರ ವರ್ಷಗಳಿಗೆ ಹತ್ತಿರದ ಒಂದು ಚರಿತ್ರೆಯು ಎರಡೇ ವಸ್ತುಗಳಲ್ಲಿ ಕಾಣುವುದು. ಇಂದು ಛಾಯಾ ಭಗವತಿಗೋ ಕೂಡಲಸಂಗಮಕ್ಕೋ ಹೊರಡುವ ಯಾತ್ರಿಕನು ಯಾರ ಹಂಗೂ ಇಲ್ಲದೆ ತನ್ನ ಮುಖವನ್ನು ತಾನೇ ಹಸನುಮಾಡಿಕೊಳ್ಳುವನು. ಆ ಸ್ವಾತಂತ್ರ್ಯವು ಒಳ್ಳೆಯದೇ. ಅದಕ್ಕೆ ಮೊದಲು ಎಷ್ಟೋ ತಲೆಮಾರುಗಳ ಮುಖವನ್ನು ಹಸನುಮಾಡಿದ ಕೈಗಳ ನೆನಪು ಅಳಿಯದಂತೆ ನೋಡಿಕೊಳ್ಳುವುದು ಅಷ್ಟೇ ಒಳ್ಳೆಯದು.